ಪಕ್ಕದ ಮನೆಯ ಊಟ ನಿಮಗೆಷ್ಟು ಗೊತ್ತು? ಹೋಟೆಲಿನದ್ದು ಲೆಕ್ಕಕ್ಕಿಲ್ಲ

ಕದ್ರಿ ಗುಡ್ಡೆ

ತುಳುವರ ಮಳೆಗಾಲದ ಆಟಿ ತಿಂಗಳು ಶುರುವಾಗಿದೆ, ಊರಿಡೀ ಆಟಿಯ ಕಾರ್ಯಕ್ರಮ. ಅದನ್ನೆಲ್ಲ ನೋಡುವಾಗ ಒಂದು ಪ್ರಶ್ನೆ ತಲೆ ತಿನ್ನುತ್ತಿದೆ, ಇಲ್ಲೇ ಹಾಕುತ್ತೇನೆ.

ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಯಲ್ಲಿ ಎಷ್ಟು ಬಗೆಯ ಜನ ಇದ್ದೇವೆ ನೋಡಿ. ಬಂಟರು, ಬಿಲ್ಲವರು, ಮೊಗವೀರರು, ಶಿವಳ್ಳಿಯವರು, ಹವ್ಯಕರು, ಜಿಎಸ್‌ಬಿಯವರು, ಕ್ರಿಶ್ಚಿಯನ್ನರು, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳು, ಜೈನರು, ಕುಡುಬಿಯವರು, ಕೊರಗರು. ಒಂದೇ ಸಿಟಿ ಬಸ್ಸಿನಲ್ಲಿ ನೇತಾಡುತ್ತೇವೆ, ಒಂದೇ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುತ್ತೇವೆ. ಆದರೆ ಇನ್ನೊಬ್ಬರ ಮನೆಯಲ್ಲಿ ಎಂಥ ಬೇಯುತ್ತದೆ ಅಂತ ಕೇಳಿ ನೋಡಿ. ಬಂಟರು ಅಂದರೆ ಕೋರಿ ರೊಟ್ಟಿ, ಕ್ರಿಶ್ಚಿಯನ್ನರು ಅಂದರೆ ಪೋರ್ಕ್, ಬ್ಯಾರಿಗಳು ಅಂದರೆ ಬಿರಿಯಾನಿ, ಭಟ್ರು ಅಂದರೆ ಸಾರು ಸಾಂಬಾರು. ಅಷ್ಟೇ. ಇದೆಲ್ಲ ಹೋಟೆಲಿನ ಬೋರ್ಡ್ ಓದಿ ಕಲಿತದ್ದು ಅಲ್ವಾ?

ಹಾಗಾಗಿ ಇಲ್ಲಿ ಒಂದೇ ನಿಯಮ. ಹೋಟೆಲಿನಲ್ಲಿ ಸಿಗುವ ಹೆಸರು ಬೇಡ. ನಿಮ್ಮದಲ್ಲದ ಮನೆಯಲ್ಲಿ ಮಳೆಗಾಲದ ಮಂಗಳವಾರ ಎಂಥ ಮಾಡುತ್ತಾರೆ? ಜ್ವರ ಬಂದವರಿಗೆ ಎಂಥ ಕೊಡುತ್ತಾರೆ, ಬಾಣಂತಿಗೆ ಎಂಥ? ಗೊತ್ತಿದ್ದರೆ ಬರೆಯಿರಿ. ತಮ್ಮ ಮನೆಯದ್ದೇ ಹೇಳುವವರು ಹೊರಗಿನವರಿಗೆ ಗೊತ್ತಿಲ್ಲದ್ದನ್ನು ಹೇಳಿ.

ಬಯಲುಸೀಮೆಯವ

ನಾನು ಹಾವೇರಿ ಕಡೆಯವನು, ಸುರತ್ಕಲ್ಲಿನಲ್ಲಿ ಕೆಲಸ. ಇಲ್ಲಿಗೆ ಬರುವಾಗ ನನಗೆ ಗೊತ್ತಿದ್ದದ್ದು ಗೋಳಿಬಜೆ, ನೀರ್ ದೋಸೆ, ಬನ್ಸ್. ನಮ್ಮೂರಲ್ಲಿ ಗೋಳಿಬಜೆಗೆ ಮಂಗಳೂರು ಬಜ್ಜಿ ಅಂತಾರೆ, ಮಂಗಳೂರಿನವರು ದಿನಾ ಅದನ್ನೇ ತಿಂತಾರೆ ಅಂತ ತಿಳಿದಿದ್ದೆ.

ನಿಜವಾದ ಆಶ್ಚರ್ಯ ಅಂದರೆ ಗಂಜಿ. ನಮ್ಮ ಓನರ್ ಮನೆಯಲ್ಲಿ ಕಾರು ಉಂಟು, ಎಸಿ ಉಂಟು, ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಒಂದು ತುಂಡು ಉಪ್ಪಿನಕಾಯಿ. ಇಷ್ಟೇನಾ ಅಂತ ಕೇಳಿದರೆ ಆಂಟಿ ನಕ್ಕರು. ಈಗ ನನಗೂ ಅದೇ ಆಗಬೇಕು. ಆದರೆ ಗಂಜಿ ಊಟ ಅಂತ ಬೋರ್ಡ್ ಹಾಕಿದ ಕಡೆ ಊರಿನ ಹೊರಗಿನವರು ಯಾಕೆ ಹೋಗುವುದಿಲ್ಲ ಅಂತ ಗೊತ್ತು. ತಟ್ಟೆಯಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ, ಫೋಟೋ ಬರುವುದಿಲ್ಲ.

ಬಜ್ಪೆ ಅಕ್ಕ

ಪೋರ್ಕ್ ಅಂತ ಬರೆದದ್ದು ನೋಡಿ ನಗು ಬಂತು. ಎಲ್ಲರೂ ಹೇಳುವುದು ಅದನ್ನೇ. ದುಕ್ರಾಮಾಸ್ ಅಂದರೆ ಹಂದಿ ಮಾಂಸ, ಇಡ್ಲಿಯಂಥ ಸಾನ್ನಾಂ, ಕ್ರಿಸ್ಮಸ್ಸಿಗೆ ಕುಸ್ವಾರ್ ಅನ್ನುವ ತಿಂಡಿಗಳು. ಆಮೇಲೆ ಫುಲ್‌ಸ್ಟಾಪ್.

ಸೆಪ್ಟೆಂಬರ್ 8ರಂದು ನಮ್ಮ ಮನೆಯಲ್ಲಿ ಮೀನೂ ಇಲ್ಲ ಮಾಂಸವೂ ಇಲ್ಲ ಅಂತ ಎಷ್ಟು ಜನರಿಗೆ ಗೊತ್ತು? ಮೊಂತಿ ಫೆಸ್ತ್ ಅದು, ಮೇರಿ ಮಾತೆಯ ಹುಟ್ಟುಹಬ್ಬ, ನಮಗೆ ಹೊಸ ಬೆಳೆಯ ಹಬ್ಬವೂ ಹೌದು. ಚರ್ಚಿನಲ್ಲಿ ಆಶೀರ್ವಾದ ಮಾಡಿದ ಭತ್ತದ ತೆನೆ ಕೊಡುತ್ತಾರೆ. ಮನೆಗೆ ತಂದು ಒಂದಿಷ್ಟು ಕಾಳಿನ ಸಿಪ್ಪೆ ತೆಗೆದು ಜಜ್ಜಿ ತೆಂಗಿನ ಹಾಲಿಗೋ ಪಾಯಸಕ್ಕೋ ಹಾಕುತ್ತೇವೆ. ಅದನ್ನು ಎಲ್ಲರೂ ಸ್ವಲ್ಪ ಸ್ವಲ್ಪ ತಿಂದ ಮೇಲೆಯೇ ಊಟ. ಊಟ ಬಾಳೆಲೆಯಲ್ಲಿ. ಪದಾರ್ಥಗಳು ಬೆಸ ಸಂಖ್ಯೆಯಲ್ಲಿರಬೇಕು, ಐದೋ ಏಳೋ ಒಂಬತ್ತೋ. ಬೆಂಡೆ, ಹಾಗಲ, ಅಲಸಂಡೆ, ಹೀರೆ. ನನಗೆ ಜೀವ ಅಂದರೆ ಕೆಸುವಿನ ದಂಟಿಗೆ ಅಂಬಟೆ ಹಾಕಿ ಮಾಡುವ ಪದಾರ್ಥ. ಆ ಹುಳಿ ಬೇರೆ ಯಾವುದರಿಂದಲೂ ಬರುವುದಿಲ್ಲ.

ಇದು ಹೊರಗೆ ಗೊತ್ತಾಗದೆ ಇರುವುದಕ್ಕೆ ನಾನು ಕಂಡ ಕಾರಣ ಹೇಳುತ್ತೇನೆ. ಕಂಪೌಂಡ್ ದಾಟಿ ಹೋಗುವ ತಟ್ಟೆಯಲ್ಲಿ ಇರುವುದು ಯಾವಾಗಲೂ ಸಿಹಿ. ಕ್ರಿಸ್ಮಸ್ಸಿಗೆ ನಾವು ನೆವ್ರಿ, ಕಿಡಿಯೊ, ಗುಳಿಯೊ ಕೊಡುತ್ತೇವೆ. ಚೌತಿಗೆ ಪಕ್ಕದ ಮನೆಯಿಂದ ಉಂಡೆ, ಚಕ್ಕುಲಿ ಬರುತ್ತದೆ. ಗಸಿ, ಅಂದರೆ ತೆಂಗಿನಕಾಯಿ ರುಬ್ಬಿದ ಸಾರು, ಯಾರೂ ಕಳಿಸುವುದಿಲ್ಲ. ಅವರು ತಿನ್ನುತ್ತಾರೋ ಇಲ್ಲವೋ, ಪಾತ್ರೆ ಯಾವುದು, ಸುಮ್ನೆ ಯಾಕೆ ರಗಳೆ ಅಂತ. ಹಾಗೆ ಒಬ್ಬರ ತಿಂಡಿ ಡಬ್ಬ ಇನ್ನೊಬ್ಬರಿಗೆ ಬಾಯಿಪಾಠ, ಅಡುಗೆ ಮಾತ್ರ ಗೊತ್ತೇ ಇಲ್ಲ.

ಕದ್ರಿ ಗುಡ್ಡೆ

ಅಕ್ಕ, ನೂರಕ್ಕೆ ನೂರು ಸತ್ಯ. ತೆನೆ ನಮ್ಮಲ್ಲಿಯೂ ಉಂಟು. ಕುರಲ್ ಪರ್ಬಕ್ಕೆ ಹೊಸ ತೆನೆ ತಂದು ಬಾಗಿಲಿಗೆ, ಭತ್ತದ ಕಣಜಕ್ಕೆ ಕಟ್ಟಿ ಹೊಸ ಅಕ್ಕಿ ಊಟ ಮಾಡುತ್ತೇವೆ. ಎರಡು ಮನೆಯ ನಡುವೆ ಗೋಡೆ ಒಂದೇ, ಎರಡೂ ಮನೆಗೆ ತೆನೆ ಬರುತ್ತದೆ, ಇಬ್ಬರೂ ಮಾತಾಡುವುದಿಲ್ಲ!

ರಥಬೀದಿ

ನಾವು ಜಿಎಸ್‌ಬಿ, ಗೌಡ ಸಾರಸ್ವತ ಬ್ರಾಹ್ಮಣರು. ನಮ್ಮ ಬಗ್ಗೆ ಹೊರಗೆ ಗೊತ್ತಿರುವುದು ದಾಳಿತೋವೆ, ಅಂದರೆ ಬೇಳೆ ತೊವ್ವೆ ಮಾತ್ರ. ಅದೂ ಮದುವೆ ಮಂಟಪದಲ್ಲಿ ಉಂಡದ್ದು.

ಮನೆಯ ಅಡುಗೆಯ ಗುಟ್ಟು ಒಗ್ಗರಣೆಯಲ್ಲಿ ಉಂಟು. ತೆಂಗಿನಕಾಯಿ, ಹುರಿದ ಮೆಣಸು, ಹುಣಸೆಹುಳಿ ರುಬ್ಬಿದ್ದು ಹೆಚ್ಚುಕಮ್ಮಿ ಒಂದೇ. ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಕೊದ್ದೆಲು. ನೀರುಳ್ಳಿ ಕೆಂಪಗೆ ಹುರಿದು ಹಾಕಿದರೆ ಅಂಬಟ್. ಸಾಸಿವೆ ಕರಿಬೇವು ಹಾಕಿದರೆ ಘಸ್ಸಿ. ಹೊರಗಿನವರು ನೋಡಿದರೆ ಮೂರೂ ಕೆಂಪು ಗಸಿ. ನಮ್ಮ ಅಮ್ಮ ಅಡುಗೆಮನೆಗೆ ಕಾಲಿಡದೆ ಮೂಗಿನಿಂದಲೇ ಹೇಳುತ್ತಾರೆ, ಇವತ್ತು ಇಂಥದ್ದು ಅಂತ. ಕೊದ್ದೆಲು ಮಾಡುವಾಗ ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಜಜ್ಜಿ ತೆಂಗಿನೆಣ್ಣೆಗೆ ಹಾಕಬೇಕು, ಉರಿ ಸಣ್ಣ. ಅಂಚು ಕಂದು ಬಣ್ಣಕ್ಕೆ ತಿರುಗಿತೋ ಇಲ್ಲವೋ, ಆಗಲೇ ಎಣ್ಣೆ ಸಮೇತ ಗಸಿಗೆ ಸುರಿದು ಮುಚ್ಚಳ ಮುಚ್ಚಿಬಿಡಬೇಕು. ಒಂದು ನಿಮಿಷ ಜಾಸ್ತಿ ಆದರೆ ಕಹಿ.

ಇನ್ನೊಂದು ಮಾತು. ಕೊಂಕಣಿ ಬ್ರಾಹ್ಮಣರು ಅಂದಕೂಡಲೇ ಕೆಲವರು ಶುದ್ಧ ಶಾಕಾಹಾರ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಮೀನು ಉಂಟು ಮಾರಾಯ್ರೆ. ಬಂಗುಡೆಗೆ ತೆಪ್ಪಲ್ ಹಾಕದಿದ್ದರೆ ಊಟವೇ ಅಲ್ಲ. ತೆಪ್ಪಲ್ ಅಂದರೆ ಕಾಡಿನಲ್ಲಿ ಬೆಳೆಯುವ ಮುಳ್ಳುಮರದ ಒಣ ಕಾಯಿ. ನಾಲಿಗೆ ಜುಮ್ಮೆನ್ನುತ್ತದೆ. ಬೀಜ ಬಿಸಾಡಿ ಸಿಪ್ಪೆ ಮಾತ್ರ ಹಾಕಬೇಕು.

ಉಳ್ಳಾಲ ಟು ಶಾರ್ಜಾ

ಬ್ಯಾರಿ ಅಂದರೆ ಬಿರಿಯಾನಿ 😀 ಇದಕ್ಕೆ ನಾನೇ ಉತ್ತರ ಕೊಡಬೇಕು.

ಬಿರಿಯಾನಿ ನಮ್ಮಲ್ಲಿ ಮದುವೆಗೆ, ಪೆರ್ನಾಲ್ ಹಬ್ಬಕ್ಕೆ. ದಿನಾ ಮಾಡುವುದಕ್ಕೆ ನಾವೇನು ನವಾಬರಾ? ನಿಮ್ಮ ಮನೆಯ ಹಾಗೆ ಕುಚ್ಚಲಕ್ಕಿ ಅನ್ನ, ಮೀನು ಸಾರು. ತಿಂಡಿಗೆ ತೆಳ್ಳಗಿನ ಅಕ್ಕಿ ರೊಟ್ಟಿ. ಅದನ್ನು ತೆಂಗಿನ ಹಾಲಿನಲ್ಲಿ ನೆನೆಸಿ ಕೊಟ್ಟರೆ ಹಲ್ಲಿಲ್ಲದ ಅಜ್ಜಿಯೂ ತಿನ್ನುತ್ತಾರೆ. ರಂಝಾನ್‌ನಲ್ಲಿ ನಮ್ಮ ಮನೆಯಲ್ಲಿ ತೆಂಗಿನ ಹಾಲಿನ ಗಂಜಿ ಇದ್ದೇ ಇರುತ್ತದೆ. ಇಡೀ ದಿನ ಖಾಲಿ ಇದ್ದ ಹೊಟ್ಟೆಗೆ ಬಿರಿಯಾನಿ ಹಾಕಿದರೆ ಕಥೆ ಮುಗಿಯಿತು.

ಯಾರಿಗೂ ಗೊತ್ತಿಲ್ಲದ್ದು ಅಂದರೆ ಕುಂಞಿ ಪಿಂಡಿ. ಅಕ್ಕಿ ರುಬ್ಬಿ ಬಾಣಲೆಯಲ್ಲಿ ಮಗುಚಿ ಗಟ್ಟಿ ಮಾಡಿ, ಬಿಸಿ ಇರುವಾಗಲೇ ಬೆರಳ ತುದಿಯಷ್ಟು ಸಣ್ಣ ಸಣ್ಣ ಉಂಡೆ ಕಟ್ಟಬೇಕು. ಹಬೆಯಲ್ಲಿ ಬೇಯಿಸಿ ಮಾಂಸದ ಗಸಿಯಲ್ಲಿ ಹಾಕುವುದು. ಒಬ್ಬರಿಂದ ಆಗುವ ಕೆಲಸ ಅಲ್ಲ. ಉಮ್ಮ, ಚಿಕ್ಕಮ್ಮಂದಿರು, ಪಕ್ಕದ ಮನೆಯವರು ಎಲ್ಲ ಸುತ್ತ ಕೂತು ಕಟ್ಟಬೇಕು. ಹೋಟೆಲಿನವ ಇದನ್ನು ಮಾಡಿದರೆ ಕೂಲಿಯೇ ಹುಟ್ಟುವುದಿಲ್ಲ. ಅದಕ್ಕೇ ಬೋರ್ಡಿನಲ್ಲಿ ಇಲ್ಲ.

ಇನ್ನೊಂದು ವಿಷಯ. ಊರಲ್ಲಿ ಇದ್ದಾಗ ನಾನು ಒಬ್ಬ ಕೊಂಕಣಿಯವರ ಮನೆಯಲ್ಲೂ ಉಂಡಿರಲಿಲ್ಲ. ಇಲ್ಲಿ ಒಂದೇ ರೂಮಿನಲ್ಲಿ ಬಂಟ ಒಬ್ಬ, ಮಂಜೇಶ್ವರದ ಕೊಂಕಣಿ ಒಬ್ಬ, ಮೂಡುಬಿದಿರೆಯ ಜೈನ ಒಬ್ಬ. ಅಡುಗೆ ಪಾಳಿಯಲ್ಲಿ. ಜೈನ ಹುಡುಗನ ಪಾಳಿ ಬಂದ ದಿನ ನೀರುಳ್ಳಿ ಇಲ್ಲ, ಬಟಾಟೆ ಇಲ್ಲ, ಕತ್ತಲಾಗುವ ಮೊದಲೇ ಊಟ. ಮೊದಮೊದಲು ಗೊಣಗಿದೆವು. ಈಗ ಅವನ ಹೆಸರುಕಾಳಿನ ಗಸಿಗೆ ಕಾಯುತ್ತೇವೆ. ಸಮುದ್ರ ದಾಟಿದ ಮೇಲೆ ಪಕ್ಕದ ಮನೆ ಊಟ ಗೊತ್ತಾಯಿತು ನೋಡಿ.

ವಿಟ್ಲದ ಮಾಣಿ

ಹವ್ಯಕರ ಬಗ್ಗೆ ಯಾರೂ ಹೇಳಲಿಲ್ಲ, ಬೇಸರ ಇಲ್ಲ 😅

ಮಳೆಗಾಲದ ಮಂಗಳವಾರ ಅಂದರೆ ನಮ್ಮಲ್ಲಿ ಉಪ್ಪುಸೊಳೆ. ಬೇಸಿಗೆಯಲ್ಲಿ ಬಲಿತ ಹಲಸಿನ ಕಾಯಿಯ ಸೊಳೆ ಬಿಡಿಸಿ ಉಪ್ಪು ಹಾಕಿ ಭರಣಿಯಲ್ಲಿ ಒತ್ತಿ ಇಡುವುದು. ಆಟಿಯಲ್ಲಿ ತೆಗೆದು ನೀರಿನಲ್ಲಿ ಹಾಕಿ ಉಪ್ಪು ಬಿಡಿಸಿ ಪಲ್ಯ, ಬೆಂದಿ, ರೊಟ್ಟಿ. ರುಬ್ಬಿ ಸಣ್ಣ ಉಂಡೆ ಮಾಡಿ ಕರಿದರೆ ಉಂಡ್ಲಕಾಳು. ಮಳೆ ಹೊಡೆಯುವಾಗ ಒಂದು ಡಬ್ಬ ಎಲ್ಲಿಗೂ ಸಾಕಾಗುವುದಿಲ್ಲ.

ಆದರೆ ಇದು ಹವ್ಯಕರದ್ದೇ ಅಂತ ನಾನು ಹೇಳುವುದಿಲ್ಲ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರ ಮನೆಯಲ್ಲೂ ಅದೇ ಭರಣಿ ಉಂಟು, ತುಳುವಿನವರು ಉಪ್ಪಡ್ ಪಚ್ಚಿಲ್ ಅನ್ನುತ್ತಾರೆ. ಅವರು ಅದಕ್ಕೆ ಒಣಮೀನು ಹಾಕುತ್ತಾರೆ, ನಾವು ಹಾಕುವುದಿಲ್ಲ. ಹಲಸಿನ ಬೀಜ ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದ ಸಾಂತಾಣಿಯೂ ಹಾಗೆ, ಎಲ್ಲರದ್ದೂ. ನಾಲ್ಕು ತಿಂಗಳು ಮಳೆ, ಆಗಿನ ಕಾಲಕ್ಕೆ ಪೇಟೆ ದೂರ, ತರಕಾರಿ ಇಲ್ಲ. ಹೊಟ್ಟೆಗೆ ಬೇಕಲ್ಲ. ಇದು ಜಾತಿಯ ಅಡುಗೆ ಅಲ್ಲ, ಮಳೆಯ ಅಡುಗೆ.

ಮಲ್ಪೆ ಬೋಟು

ಮಳೆಯ ಅಡುಗೆ ಅಂದಿರಲ್ಲ, ನಮ್ಮದು ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ನಿಷೇಧ. ನಾಡದೋಣಿ ಮಾತ್ರ. ಮೀನಿನವರ ಮನೆಯಲ್ಲಿ ದಿನಾ ಅಂಜಾಲು ಕಾಣೆ ಅಂತ ತಿಳಿದವರಿಗೆ ಹೇಳುತ್ತೇನೆ, ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಒಣಮೀನು, ಎಟ್ಟಿ ಅಂದರೆ ಸೀಗಡಿಯ ಚಟ್ನಿ. ಒಣ ಎಟ್ಟಿಯನ್ನು ಎಣ್ಣೆ ಇಲ್ಲದೆ ಹುರಿದು, ತಲೆ ಬಾಲ ಉಜ್ಜಿ ತೆಗೆದು, ಕೆಂಡದಲ್ಲಿ ಸುಟ್ಟ ಮೆಣಸು, ತೆಂಗಿನಕಾಯಿ, ಹುಳಿ ಹಾಕಿ ಕಲ್ಲಿನಲ್ಲಿ ತರಿತರಿ ಅರೆಯಬೇಕು. ಮಿಕ್ಸಿಯಲ್ಲಿ ಹಾಕಿದರೆ ಮುದ್ದೆಯಾಗುತ್ತದೆ, ಅದು ಬೇರೆಯೇ ವಸ್ತು. ಗಂಜಿಗೆ ಇದು ಇದ್ದರೆ ಬೇರೆ ಎಂಥದೂ ಬೇಡ.

ದೊಡ್ಡ ಮೀನು ಬೋಟಿಂದ ಇಳಿದದ್ದೇ ಏಲಂ ಆಗಿ ಹೋಗುತ್ತದೆ. ನಮಗೆ ಉಳಿಯುವುದು ಬೂತಾಯಿಯಂಥ ಸಣ್ಣ ಮೀನು. ಅದೇ ರುಚಿ, ಆ ಮಾತು ಬೇರೆ.

ರವಾ ಫ್ರೈ ಬಗ್ಗೆ ಕೇಳಬೇಡಿ. ನಮ್ಮ ಅಜ್ಜಿ ಮೀನಿಗೆ ರವೆ ಹಾಕಿದ್ದು ನಾನು ನೋಡಿಲ್ಲ.

ಬ್ರಹ್ಮಾವರ ಮೇಷ್ಟ್ರು

ಕದ್ರಿಯವರ ಪ್ರಶ್ನೆಗೆ ಬರುತ್ತೇನೆ. ಯಾಕೆ ಕೆಲವು ಅಡುಗೆ ಮಾತ್ರ ಲೋಕಕ್ಕೆ ಗೊತ್ತಾಯಿತು? ಉಡುಪಿ ಊಟ ಅಂದರೆ ದೇಶವಿದೇಶಕ್ಕೆ ಗೊತ್ತು. ಉಡುಪಿಯಲ್ಲಿ ಇರುವ ಜನರಲ್ಲಿ ಶಿವಳ್ಳಿ ಬ್ರಾಹ್ಮಣರು ಎಷ್ಟು? ಕಡಿಮೆಯೇ. ಆದರೆ ಅವರ ಅಡುಗೆಗೇ ಊರಿನ ಹೆಸರು ಬಿತ್ತು.

ರುಚಿ ಕಾರಣ, ಇಲ್ಲ ಅನ್ನುವುದಿಲ್ಲ. ಆದರೆ ರುಚಿ ಒಂದೇ ಅಲ್ಲ. ಹಿಂದಿನ ಕಾಲದಲ್ಲಿ ಬ್ರಾಹ್ಮಣ ಬಡಿಸಿದ್ದನ್ನು ಯಾರು ಬೇಕಾದರೂ ಉಣ್ಣಬಹುದಿತ್ತು. ಬಿಲ್ಲವ ಅಡುಗೆ ಮಾಡಿ ಹೋಟೆಲು ಹಾಕಿದರೆ ಆಗ ಎಷ್ಟು ಜನ ಒಳಗೆ ಬರುತ್ತಿದ್ದರು? ಹೋಟೆಲು ನಡೆಯಬೇಕಾದರೆ ಎಲ್ಲ ಜಾತಿಯ ಗಿರಾಕಿ ಬೇಕು. ಮಠದಲ್ಲಿ ಸಾವಿರಾರು ಜನಕ್ಕೆ ಬೇಯಿಸಿ ಅಭ್ಯಾಸ ಇದ್ದ ಅಡುಗೆಯವರು ಇಲ್ಲೇ ಇದ್ದರು, ಊರಲ್ಲಿ ಬಡತನವೂ ಇತ್ತು. ಬೆಂಗಳೂರಿನಲ್ಲಿ 1924ರಲ್ಲಿ ಎಂಟಿಆರ್ ಶುರು ಮಾಡಿದ್ದು ನಮ್ಮ ಪಕ್ಕದ ಪಾರಂಪಳ್ಳಿಯ ಮಯ್ಯರು. ಹೀಗೆ ಒಂದು ಸಮುದಾಯದ ಅಡುಗೆ ರಸ್ತೆಗೆ ಬಂತು, ಉಳಿದವರದ್ದು ಮನೆಯಲ್ಲೇ ಉಳಿಯಿತು. ಮೀನು ಮಾಂಸದ ಮನೆಯೂಟ ಬೋರ್ಡ್ ಹಾಕಿ ರಸ್ತೆಗೆ ಬಂದದ್ದು ಬಹಳ ತಡವಾಗಿ.

ಇನ್ನೊಂದು ತಮಾಷೆ. ಹೊರಗಿನವರು ಬಂದು ಸಾಂಪ್ರದಾಯಿಕ ಕರಾವಳಿ ಅಡುಗೆ ಅಂತ ಕೇಳುವುದು ಯಾವುದನ್ನು? ಘೀ ರೋಸ್ಟ್! ಅದು ಹುಟ್ಟಿದ್ದೇ ಕುಂದಾಪುರದ ಹೋಟೆಲಿನಲ್ಲಿ, ಶೆಟ್ಟಿ ಲಂಚ್ ಹೋಮಿನ ಹೆಸರು ಎಲ್ಲರೂ ಹೇಳುತ್ತಾರೆ. ಒಳ್ಳೆಯ ಅಡುಗೆ, ನನಗೂ ಇಷ್ಟ. ಆದರೆ ನಮ್ಮ ಕುಂದಾಪ್ರದ ಅಜ್ಜಿಯಂದಿರು ಅಷ್ಟು ತುಪ್ಪ ಕೋಳಿಗೆ ಸುರಿದವರಲ್ಲ.

ಕರಾವಳಿ ಖಾರ

ಮೇಷ್ಟ್ರೇ, ಊಟದ ವಿಷಯದಲ್ಲೂ ಜಾತಿ ತರಬೇಕಾ? ಚೆನ್ನಾಗಿ ಅಡುಗೆ ಮಾಡಿದರು, ಕಷ್ಟಪಟ್ಟರು, ಮೇಲೆ ಬಂದರು. ಬೇರೆಯವರು ಹೋಟೆಲು ಹಾಕಬೇಡಿ ಅಂತ ಯಾರಾದರೂ ಹೇಳಿದರಾ? ಈಗ ನೋಡಿ, ಆಟಿಯ ಕಾರ್ಯಕ್ರಮದಲ್ಲಿ ಎಲ್ಲರೂ ಒಟ್ಟಿಗೆ ಕೆಸುವಿನ ಎಲೆಯ ಪತ್ರೊಡೆ ತಿನ್ನುತ್ತಾರೆ. ಖುಷಿಪಡಿ.

ಬೀಳು ಬುಟ್ಟಿ

ಮೇಲಿನವರಿಗೆ ಉತ್ತರ. ನಾನು ಕೊರಗರ ಮನೆಯ ಹುಡುಗಿ. ಊಟದಲ್ಲಿ ಜಾತಿ ತಂದದ್ದು ಮೇಷ್ಟ್ರಲ್ಲ.

ಅಜಲು ಅಂತ ಕೇಳಿದ್ದೀರಾ? ದೊಡ್ಡ ಮನೆಯವರ ರೋಗ, ಕಷ್ಟ ತೊಲಗಲಿ ಅಂತ ಅನ್ನಕ್ಕೆ ಉಗುರು, ಕೂದಲು ಬೆರೆಸಿ ನಮ್ಮ ಹಿರಿಯರಿಗೆ ತಿನ್ನಿಸುತ್ತಿದ್ದರು. ಅದನ್ನು ನಿಲ್ಲಿಸಲು ಕಾಯಿದೆಯೇ ಬೇಕಾಯಿತು. ಕರ್ನಾಟಕದಲ್ಲಿ ಅಜಲು ನಿಷೇಧ ಕಾಯಿದೆ ಬಂದದ್ದು 2000ರಲ್ಲಿ. 1900 ಅಲ್ಲ, 2000. ನಮ್ಮ ಸಮುದಾಯ ಮತ್ತು ಊಟ ಅಂತ ಹುಡುಕಿದರೆ ಇವತ್ತಿಗೂ ಸಿಗುವುದು ಇದೇ. ನಾವು ತಿಂದ ಎಂಜಲಿನ ಬಗ್ಗೆ ಬರೆದಿದ್ದಾರೆ, ನಾವು ಬೇಯಿಸಿದ್ದರ ಬಗ್ಗೆ ಬರೆದವರು ಕಡಿಮೆ.

ನಾವೂ ಬೇಯಿಸುತ್ತೇವೆ. ಅಜ್ಜಿ ಬುಟ್ಟಿ ಹೆಣೆಯಲು ಬೀಳು, ಅಂದರೆ ಕಾಡುಬಳ್ಳಿ, ತರಲು ಕಾಡಿಗೆ ಹೋದರೆ ಬರಿಗೈಯಲ್ಲಿ ಬರುತ್ತಿರಲಿಲ್ಲ. ಕಾಡುಗೆಣಸು ತರುತ್ತಿದ್ದರು. ಬಳ್ಳಿಯ ಎಲೆ ನೋಡಿಯೇ ಯಾವ ಗೆಡ್ಡೆ ಸುಡಬಹುದು, ಯಾವುದನ್ನು ಬೇಯಿಸಿ ನೀರು ಚೆಲ್ಲಬೇಕು, ಯಾವುದನ್ನು ಮುಟ್ಟಲೇ ಬಾರದು ಅಂತ ಹೇಳುತ್ತಿದ್ದರು. ಮೊದಲ ಮಳೆ, ಗುಡುಗು ಆದ ಮೇಲೆ ಕಲ್ಲಣಬೆ. ನೆಲ ಕೆದಕಿ ತೆಗೆಯಬೇಕು, ಗೋಲಿಯ ಹಾಗೆ ಇರುತ್ತದೆ, ಮೈಯೆಲ್ಲ ಮಣ್ಣು. ಉಜ್ಜಿ ಉಜ್ಜಿ ತೊಳೆದು ಎರಡು ಹೋಳು ಮಾಡಿದಾಗ ಒಳಗೆ ಬಿಳಿ ಇದ್ದರೆ ಎಳೆಯದು, ಕಪ್ಪು ಇದ್ದರೆ ಬಿಸಾಡಬೇಕು. ಹೊರಗೆ ಕಟುಕುಟು, ಒಳಗೆ ಮೆತ್ತಗೆ. ಈಗ ಕಾರ್ಕಳ ಪೇಟೆಯಲ್ಲಿ ಕೋಳಿಗಿಂತ ಜಾಸ್ತಿ ರೇಟು, ಕಾರಿನವರು ನಿಲ್ಲಿಸಿ ತೆಗೆದುಕೊಳ್ಳುತ್ತಾರೆ. ಹೆಕ್ಕುವುದು ಗೊತ್ತಿದ್ದವರ ಹೆಸರು ಯಾವ ಫುಡ್ ವಿಡಿಯೋದಲ್ಲೂ ನಾನು ಕೇಳಲಿಲ್ಲ.

ಮತ್ತೆ ನಿಮ್ಮೆಲ್ಲರ ಅಡುಗೆಮನೆ. ಅನ್ನ ಬಸಿಯುವ ಕುಡ್ಪು, ಅಕ್ಕಿ ಗೇರುವ ತಡ್ಪೆ, ಮೀನು ತರುವ ಕುರುವೆ ಯಾರು ಹೆಣೆದದ್ದು? ನಮ್ಮ ಬುಟ್ಟಿ ಎಲ್ಲರ ಅಡುಗೆಮನೆಯ ಒಳಗೆ ಇತ್ತು. ನಾವು ಅಂಗಳದಲ್ಲಿ ಇದ್ದೆವು.

ಬಜ್ಪೆ ಅಕ್ಕ

ನಮ್ಮ ಮನೆಯಲ್ಲಿ ಕುಡ್ಪು ಇತ್ತು. ಸಾನ್ನಾಂ ತಣಿಯಲು ಅದರಲ್ಲೇ ಹಾಕುತ್ತಿದ್ದರು. ಹೆಣೆದವರು ಯಾರು ಅಂತ ಗೊತ್ತಿತ್ತು, ಅವರ ಮನೆಯಲ್ಲಿ ಎಂಥ ಊಟ ಅಂತ ಯಾರೂ ಕೇಳಲಿಲ್ಲ.

ಕರಾವಳಿ ಖಾರ

ತಂಗಿ, ನೀವು ಹೇಳಿದ್ದು ಓದಿದೆ. ಅಜಲಿನ ಬಗ್ಗೆ ನಾನು ಎರಡು ಮಾತು ಆಡುವುದಿಲ್ಲ. ಆದರೆ ಇವತ್ತಿನ ಮಕ್ಕಳಿಗೆ ಇದು ಇಂಥವರ ಅಡುಗೆ, ಅದು ಅಂಥವರ ಅಡುಗೆ ಅಂತ ಗೆರೆ ಹಾಕಿ ಕಲಿಸಬೇಕಾ ಎಂಬುದು ನನ್ನ ಪ್ರಶ್ನೆ. ಅದು ಹಾಗೇ ಉಂಟು.

ವಿಟ್ಲದ ಮಾಣಿ

ಗೆರೆ ಹಾಕುವುದು ಬೇಡ, ಹೆಸರು ಹೇಳುವುದು ಬೇಕು. ಆಟಿಯ ವೇದಿಕೆಯಲ್ಲಿ ಎಲ್ಲರದ್ದನ್ನೂ ಒಟ್ಟು ಮಾಡಿ ತುಳುನಾಡಿನ ತಿನಿಸು ಅಂತ ಬೋರ್ಡ್ ಹಾಕುತ್ತಾರೆ. ಕ್ಯಾಟರಿಂಗಿನವರು ತಂದ ಪತ್ರೊಡೆ, ತಿಮರೆ (ಒಂದೆಲಗ) ಚಟ್ನಿ, ಕುಡು (ಹುರುಳಿ) ಸಾರು. ಎಲ್ಲ ಕಡೆ ಒಂದೇ ರುಚಿ. ಪತ್ರೊಡೆ ಒಂದನ್ನೇ ತೆಗೆದುಕೊಳ್ಳಿ, ನಮ್ಮಲ್ಲಿ ಎಲೆ ಸಣ್ಣಗೆ ಹೆಚ್ಚಿ ಅಕ್ಕಿ ಹಿಟ್ಟಿಗೆ ಕಲಸಿ ಬಾಳೆಲೆಯಲ್ಲಿ ಮಡಚಿ ಬೇಯಿಸುವುದೂ ಉಂಟು.

ರಥಬೀದಿ

ಹೆಚ್ಚುವುದಾ! ನಮ್ಮಲ್ಲಿ ಇಡೀ ಎಲೆಯೇ ಆಗಬೇಕು. ಎಲೆಯ ಬೆನ್ನಿನ ದಪ್ಪ ನರವನ್ನು ಚೂರಿಯಲ್ಲಿ ಹೆರೆದು ಚಪ್ಪಟೆ ಮಾಡಿ, ಬೆನ್ನಿಗೇ ಹಿಟ್ಟು ಸವರಿ, ಅದರ ಮೇಲೆ ಇನ್ನೊಂದು ಎಲೆ ತಲೆಕೆಳಗಾಗಿ, ಹೀಗೆ ಆರೇಳು ಎಲೆ ಪೇರಿಸಿ ಎರಡು ಬದಿ ಮಡಚಿ ಸುತ್ತಬೇಕು. ಹಿಟ್ಟಿಗೆ ಅಕ್ಕಿಯ ಜೊತೆ ತೊಗರಿಬೇಳೆ, ಇಂಗು. ಬೆಂದ ಮೇಲೆ ಬಿಸಿಬಿಸಿ ತುಂಡಿಗೆ ಹಸಿ ತೆಂಗಿನೆಣ್ಣೆ. ಹುಳಿ ಕಡಿಮೆ ಮಾಡಿದರೆ ಗಂಟಲು ತುರಿಸುತ್ತದೆ, ಅದರಲ್ಲಿ ಜಿಪುಣತನ ಬೇಡ.

ಬಜ್ಪೆ ಅಕ್ಕ

ನಾವೂ ಸುತ್ತುವುದೇ. ಮರುದಿನ ಉಳಿದದ್ದನ್ನು ಬಿಲ್ಲೆ ಮಾಡಿ ತವೆಯಲ್ಲಿ ಕಾಯಿಸಿದರೆ ಇವತ್ತಿನದ್ದಕ್ಕಿಂತ ನಾಳಿನದ್ದೇ ರುಚಿ.

ಕದ್ರಿ ಗುಡ್ಡೆ

2021ರಲ್ಲಿ ಕೇಂದ್ರದ ಆಯುಷ್ ಸಚಿವಾಲಯದವರು ಸಾಂಪ್ರದಾಯಿಕ ಆಹಾರದ ಪುಸ್ತಿಕೆಯಲ್ಲಿ ಪತ್ರೊಡೆ ಸೇರಿಸಿದಾಗ ನಮ್ಮೂರಲ್ಲಿ ಎಲ್ಲರೂ ಶೇರ್ ಮಾಡಿದ್ದೇ ಮಾಡಿದ್ದು. ಯಾರ ಮನೆಯ ಪತ್ರೊಡೆ ಅಂತ ಒಬ್ಬರೂ ಕೇಳಲಿಲ್ಲ 😄

ಬಯಲುಸೀಮೆಯವ

ಒಂದು ಮಾತು ಹೇಳಿದರೆ ಬೈಯಬೇಡಿ. ರಥಬೀದಿಯವರ ಕೆಂಪು ಗಸಿ, ಬಂಟರ ಕೋಳಿ ಸಾರು, ಬಜ್ಪೆ ಅಕ್ಕನ ಬಫಾತ್ ಪುಡಿ, ಎಲ್ಲದಕ್ಕೂ ಬಣ್ಣ ಕೊಡುವುದು ಬ್ಯಾಡಗಿ ಮೆಣಸು ತಾನೇ? ಬ್ಯಾಡಗಿ ಇರುವುದು ನಮ್ಮ ಹಾವೇರಿ ಜಿಲ್ಲೆಯಲ್ಲಿ. 2011ರಲ್ಲಿ ಜಿಐ ಟ್ಯಾಗೂ, ಅಂದರೆ ಊರಿನ ಹೆಸರಿನ ಅಧಿಕೃತ ಗುರುತೂ ಸಿಕ್ಕಿದೆ. ಮೆಣಸಿನಕಾಯಿಯೇ ಪೋರ್ಚುಗೀಸರ ಕಾಲದಲ್ಲಿ ಅಮೆರಿಕದ ಕಡೆಯಿಂದ ಹಡಗಿನಲ್ಲಿ ಬಂದದ್ದು, ಗೇರುಬೀಜವೂ ಹಾಗೆ. ಅಂದರೆ ನಿಮ್ಮ ಸಾಂಪ್ರದಾಯಿಕ ಗಸಿಯಲ್ಲಿ ತೆಂಗಿನಕಾಯಿ ನಿಮ್ಮದು, ಬಣ್ಣ ನಮ್ಮದು, ಬೀಜ ಪರದೇಶದ್ದು.

ಮಲ್ಪೆ ಬೋಟು

ಬಣ್ಣ ನಿಮ್ಮದು, ಒಪ್ಪಿದೆ. ಬಂಗುಡೆ ಮಾತ್ರ ನಮ್ಮದು, ಅದಕ್ಕೆ ಕೈ ಹಾಕಬೇಡಿ.

ಬ್ರಹ್ಮಾವರ ಮೇಷ್ಟ್ರು

ಹಾವೇರಿಯವರು ಒಳ್ಳೆಯ ಕಡೆಗೆ ತಂದಿರಿ. ಮೆಣಸಿನಕಾಯಿ ಬರುವ ಮೊದಲು ಎಂಥ ಅಡುಗೆ ಇತ್ತು ಅಂತ ನೋಡಬೇಕಾದರೆ ಒಂದು ಬಾಗಿಲು ಉಂಟು, ನಮ್ಮ ಬ್ರಾಹ್ಮಣ ಮನೆಗಳ ಶ್ರಾದ್ಧದ ಅಡುಗೆ. ಮೆಣಸಿನಕಾಯಿ ಇಲ್ಲ, ಖಾರಕ್ಕೆ ಕರಿಮೆಣಸು. ಬಟಾಟೆ, ಟೊಮೆಟೊ, ಕ್ಯಾಬೇಜು ಯಾವುದೂ ಸೇರುವುದಿಲ್ಲ. ಹೊರಗಿಂದ ಬಂದ ತರಕಾರಿಗೆ ಆ ದಿನ ಅಡುಗೆಮನೆಗೆ ಪ್ರವೇಶ ಇಲ್ಲ.

ಚಾತುರ್ಮಾಸ್ಯದ್ದು ಇನ್ನೊಂದು ಲೆಕ್ಕ. ಮೊದಲ ತಿಂಗಳು ತರಕಾರಿ ಬಿಡಬೇಕು, ಎರಡನೆಯ ತಿಂಗಳು ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕರಲ್ಲಿ ಬೇಳೆಕಾಳು. ಬೇಳೆ ಇಲ್ಲದೆ ಒಂದು ತಿಂಗಳು ಉಡುಪಿ ಅಡುಗೆ ಹೇಗಿರುತ್ತದೆ ಅಂತ ಉಡುಪಿ ಹೋಟೆಲಿಗೆ ದಿನಾ ಹೋಗುವವರಿಗೆ ಗೊತ್ತುಂಟಾ? ಅಂದರೆ ಪ್ರಪಂಚಕ್ಕೆಲ್ಲ ಗೊತ್ತಾದ ಅಡುಗೆಯೂ ಪೂರ್ತಿ ಗೊತ್ತಾಗಿಲ್ಲ. ಮಾರಾಟವಾದದ್ದು ಗೊತ್ತಾಯಿತು, ಅಷ್ಟೇ. ಮಟ್ಟುಗುಳ್ಳವನ್ನೇ ನೋಡಿ. 2011ರಲ್ಲಿ ಅದಕ್ಕೂ ಜಿಐ ಬಂತು. ಹಸಿರು ಗುಂಡು ಬದನೆ ಅಂತ ಎಲ್ಲರೂ ಹೇಳುತ್ತಾರೆ. ಕಟಪಾಡಿ ಪಕ್ಕದ ಆ ಮಟ್ಟು ಎಲ್ಲಿ ಅಂತ ಕೇಳಿದರೆ ಮಣಿಪಾಲದಲ್ಲಿ ಓದುವ ಮಕ್ಕಳಿಗೂ ಗೊತ್ತಿಲ್ಲ.

ಉಳ್ಳಾಲ ಟು ಶಾರ್ಜಾ

ಬಾಣಂತಿ ಊಟ ಕೇಳಿದ್ದರಲ್ಲ, ಯಾರೂ ಹೇಳಲೇ ಇಲ್ಲ. ನಮ್ಮ ಮನೆಯಲ್ಲಿ ಮೆಂತೆ, ಬೆಳ್ಳುಳ್ಳಿ, ತೆಂಗಿನ ಹಾಲು, ತಾಳೆಯ ಓಲೆ ಬೆಲ್ಲ. ದೊಡ್ಡ ಬಾಣಲೆಯಲ್ಲಿ ಗಂಟೆಗಟ್ಟಲೆ ಮಗುಚುತ್ತಾರೆ. ವಾಸನೆಗೆ ನಾವು ಹುಡುಗರು ಸುತ್ತ ತಿರುಗುತ್ತಿದ್ದೆವು, ಓಡಿಸುತ್ತಿದ್ದರು.

ಬಜ್ಪೆ ಅಕ್ಕ

ಅಯ್ಯೋ ಅಣ್ಣ, ನಮ್ಮಲ್ಲಿಯೂ ಅದೇ! ಓಲೆ ಬೆಲ್ಲ ಸಮೇತ.

ಕದ್ರಿ ಗುಡ್ಡೆ

ನಮ್ಮಲ್ಲಿಯೂ. ಮೂರು ಮನೆ, ಒಂದೇ ಬಾಣಲೆ.

ಬಯಲುಸೀಮೆಯವ

ಆಟಿ ಅಮಾವಾಸ್ಯೆಗೆ ಕಷಾಯ ಕುಡಿಯುತ್ತಾರಲ್ಲ, ಅದರ ತೊಗಟೆ ನಾವೇ ಹೋಗಿ ತರಬಹುದಾ? ನಮ್ಮ ಕ್ವಾರ್ಟರ್ಸ್ ಹಿಂದೆ ಅಂಥದೇ ಒಂದು ಮರ ಉಂಟು.

ವಿಟ್ಲದ ಮಾಣಿ

ಅಂಥದೇ ಅಂತ ಹೇಳಿದಿರಿ ನೋಡಿ, ಅದಕ್ಕೇ ಬೇಡ. ಅದು ಹಾಲೆ ಮರ, ತುಳುವಿನಲ್ಲಿ ಪಾಲೆ. ಬೆಳಕು ಹರಿಯುವ ಮೊದಲು ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವುದು, ಕತ್ತಿ ತಾಗಿಸುವುದಿಲ್ಲ. ಕತ್ತಲೆಯಲ್ಲಿ ಗುರುತು ತಪ್ಪುವುದು ಸುಲಭ. ಕಾಸರಕ ಅನ್ನುವ ಬೇರೆ ಮರದ ತೊಗಟೆ ವಿಷ, ಜೀವಕ್ಕೇ ಅಪಾಯ. ಗೊತ್ತಿದ್ದವರು ಹಗಲಿನಲ್ಲೇ ಮರ ನೋಡಿ ಗುರುತು ಕಟ್ಟಿ ಬರುತ್ತಾರೆ. ನೀವು ತಿಳಿದವರು ಮಾಡಿದ ಕಷಾಯವನ್ನೇ ಕುಡಿಯಿರಿ. ಕರಿಮೆಣಸು, ಬೆಳ್ಳುಳ್ಳಿ, ಓಮ ಹಾಕಿದ್ದರೂ ಕಹಿ ಅಂದರೆ ಕಹಿ. ಆಮೇಲೆ ಹೊಟ್ಟೆ ತಂಪಿಗೆ ಮೆಂತೆ ಗಂಜಿ.

ಕಣಿಲೆಯೂ ಹಾಗೆಯೇ. ಪೇಟೆಯಲ್ಲಿ ಕಂಡ ಕೂಡಲೇ ತಂದು ಬೇಯಿಸಬೇಡಿ. ಎಳೆ ಬಿದಿರಿನಲ್ಲಿ ವಿಷದ ಅಂಶ ಇರುತ್ತದೆ. ಹೆಚ್ಚಿ ನೀರಿನಲ್ಲಿ ಹಾಕಿ ದಿನಾ ನೀರು ಬದಲಿಸಿ, ಮೂರು ದಿನ ಬಿಟ್ಟು ಚೆನ್ನಾಗಿ ಬೇಯಿಸಬೇಕು. ಯೂಟ್ಯೂಬಿನಲ್ಲಿ ಆ ಮೂರು ದಿನ ತೋರಿಸುವುದಿಲ್ಲ.

ಬೀಳು ಬುಟ್ಟಿ

ಮಾಣಿ ಹೇಳಿದ್ದು ಸರಿ. ಕಾಡಿನ ಊಟದಲ್ಲಿ ಅರ್ಧ ವಿದ್ಯೆ ತಿನ್ನಬಾರದ್ದು ಯಾವುದು ಅಂತ ತಿಳಿಯುವುದರಲ್ಲಿ ಉಂಟು. ನಮ್ಮ ಅಜ್ಜಿ ಹೋದ ಮೇಲೆ ಗೆಣಸಿನ ಬಳ್ಳಿ ಕಂಡರೂ ನಾವು ಕೈ ಹಾಕುವುದಿಲ್ಲ. ಅಮ್ಮನಿಗೆ ಒಂದೆರಡು ಗೊತ್ತು, ನನಗೆ ಅದೂ ಇಲ್ಲ.

ಕದ್ರಿ ಗುಡ್ಡೆ

ಅಮ್ಮನಿಗೆ ಗೊತ್ತಿರುವುದನ್ನಾದರೂ ಅವರ ಮಾತಿನಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಇಡಿ ಅಂತ ಹೇಳಬಹುದಾ? ಇಲ್ಲಿ ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು. ಮತ್ತೆ, ನನಗೆ ಒಂದು ಕುಡ್ಪು ಬೇಕಿತ್ತು. ಈಗಲೂ ಹೆಣೆಯುತ್ತಾರಾ? ಕಲ್ಲಣಬೆ ಸಿಗುತ್ತದಾ?

ಬೀಳು ಬುಟ್ಟಿ

ರೆಕಾರ್ಡ್ ಮಾಡುತ್ತೇನೆ. ಇಲ್ಲಿ ಹಾಕುವುದಿಲ್ಲ, ಮೊದಲು ನಮ್ಮ ಮಕ್ಕಳು ಕೇಳಲಿ.

ಕಲ್ಲಣಬೆ ಈ ವರ್ಷದ್ದು ಮುಗಿಯಿತು, ಬರುವ ಜೂನ್‌ನಲ್ಲಿ ನೋಡಿ. ಕುಡ್ಪು ಮಾವ ಹೆಣೆಯುತ್ತಾರೆ. ಮಳೆಗೆ ಬೀಳು ತರುವುದು ಕಷ್ಟ, ಚೌತಿ ಕಳೆದು ಕೇಳಿ. ಒಂದು ಮಾತು ಮೊದಲೇ ಹೇಳುತ್ತೇನೆ, ಪ್ಲಾಸ್ಟಿಕ್ ಬುಟ್ಟಿಯ ರೇಟು ಹೇಳಿ ಚೌಕಾಸಿ ಮಾಡಬೇಡಿ.